ಬ್ಯಾಟರಿ ಲೈಟ್ ಬಂದರೆ ಆಲ್ಟರ್ನೇಟರನ್ನೇ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಪುಣೆಯ ಔಂಧ್‌ನಲ್ಲಿದ್ದೀರಿ, ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಇದೆ, 987 ಮಾದರಿ. ಮಳೆ ಶುರುವಾದಾಗಿನಿಂದ ಬೆಳಗ್ಗೆ ಗಾಡಿ ತೆಗೆದ ಕೂಡಲೇ ಬೆನ್ನ ಹಿಂದೆ ಕೀಚ್ ಅಂತ ಸದ್ದು. ಬ್ಯಾಟರಿ ಲೈಟ್ ಬಂದು ಹೋಗುತ್ತದೆ. ಹೊಸ ಬ್ಯಾಟರಿ ಹಾಕಿಸಿದಿರಿ, ಎರಡು ವಾರಕ್ಕೆ ಅದೂ ಮಲಗಿತು. ಈಗ ಗ್ಯಾರೇಜಿನವರು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಭಾಗ, ಹೋಗಿದೆ ಅನ್ನುತ್ತಿದ್ದಾರೆ. ಅದನ್ನು ಬದಲಿಸಲಾ, ಇಲ್ಲ ಮನೆಯಲ್ಲೇ ಬೆಲ್ಟ್ ಹಾಕಿ ನೋಡಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಆಲ್ಟರ್ನೇಟರ್‌ಗೆ ದುಡ್ಡು ಕೊಡಬೇಡಿ. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋಗಿ ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತನ್ನಿ.

ನಾನು ನಿಪ್ಪಾಣಿ ಕಡೆಯವನು, ಭೋಸರಿಯಲ್ಲಿ ಮಷೀನ್ ರಿಪೇರಿ ಕೆಲಸ. ನಾನೂ ನಮ್ಮ ಭಾವನೂ ಸೇರಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಇದೇ ಗಾಡಿ ಕೊಂಡಿದ್ದೇವೆ. ನಾಲ್ಕು ಜನರ ಸಂಸಾರಕ್ಕೆ ಎರಡು ಸೀಟಿನ ಗಾಡಿ ತಂದಿದ್ದಾರೆ ಅಂತ ನಮ್ಮನೆಯವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಿಮ್ಮ ತೊಂದರೆ ನನಗೂ ಆಗಿತ್ತು. ಅದರಲ್ಲಿ ಅರ್ಧ ನಾನೇ ಮಾಡಿಕೊಂಡದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಹೊಸ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ. ಸತ್ತ ಬ್ಯಾಟರಿ ಇಟ್ಟುಕೊಂಡು ಏನು ಅಳೆದರೂ ಸುಳ್ಳು ಲೆಕ್ಕವೇ ಬರುತ್ತದೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿ. 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಬ್ಯಾಟರಿ ತುಂಬಿದೆ. 12.0ರ ಹತ್ತಿರವಿದ್ದರೆ ಹೆಚ್ಚುಕಡಿಮೆ ಖಾಲಿ.

ಈಗ ಎಂಜಿನ್ ಶುರು ಮಾಡಿ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಮೀಟರ್ ಇಡಿ. 13.8ರಿಂದ 14.5ರ ಒಳಗೆ ಬರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಿರಿ. ಆಗಲೂ 13.5ರ ಮೇಲೆ ನಿಂತರೆ ಚಾರ್ಜಿಂಗ್ ಸರಿ ಇದೆ. ಹಾಗಿದ್ದರೆ ನಿಲ್ಲಿಸಿದ ಗಾಡಿಯಲ್ಲಿ ಯಾವುದೋ ಕರೆಂಟ್ ಕುಡಿಯುತ್ತಿದೆ ಅಂತ ಅರ್ಥ. ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೆ 50 ಮಿಲಿಆಂಪ್‌ಗಿಂತ ಜಾಸ್ತಿ ಹರಿಯುತ್ತಿದ್ದರೆ ಅದನ್ನು ಹುಡುಕಬೇಕು. ಎಂಜಿನ್ ಓಡುವಾಗಲೂ 12.5 ಇದ್ದದ್ದು ಹಾಗೇ ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಲೇ ಇಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಆಗ ಗಾಡಿ ಓಡಿಸಲೇಬೇಡಿ. ಮೀಟರನ್ನು ಎಸಿ ವೋಲ್ಟ್‌ಗೆ (ಮನೆಯ ಕರೆಂಟ್ ಅಳೆಯುವ ಕಡೆಗೆ) ತಿರುಗಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿರಬಹುದು.

ಇಲ್ಲೊಂದು ಎಚ್ಚರಿಕೆ. ಹಳೇ ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು, "ಬಂದ್ ಆಗಲಿಲ್ಲ ನೋಡಿ, ಚಾರ್ಜಿಂಗ್ ಸರಿ ಇದೆ" ಅನ್ನುತ್ತಾರೆ. ಅಂಬಾಸಿಡರ್, ಫಿಯೆಟ್‌ಗಳಲ್ಲಿ ಆಲ್ಟರ್ನೇಟರ್ ಬದಲು ಡೈನಮೋ ಇದ್ದ ಕಾಲದ ಚಾಳಿ ಅದು. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಕಂಪ್ಯೂಟರ್ ಸುಡಬಹುದು. ಯಾರು ಬಂದರೂ ಆ ವೈರ್ ಮುಟ್ಟಲು ಬಿಡಬೇಡಿ.

ಇನ್ನು ನನ್ನ ಕಥೆ. ನನ್ನ ಗಾಡಿಯಲ್ಲಿ ಬ್ಯಾಟರಿ ಹತ್ತಿರ 13.2 ಬರುತ್ತಿತ್ತು. ನೇರವಾಗಿ ಆಲ್ಟರ್ನೇಟರ್‌ನಲ್ಲಿ ದಪ್ಪ ಕೇಬಲ್ ಕೂರುವ ಬೋಲ್ಟ್ ಮೇಲೆ ಅಳೆದರೆ 14.3. ಅಂದರೆ ಆಲ್ಟರ್ನೇಟರ್ ಪಾಪ ಸರಿಯಾಗೇ ದುಡಿಯುತ್ತಿತ್ತು, 1.1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಈ ಗಾಡಿಯಲ್ಲಿ ಆಲ್ಟರ್ನೇಟರ್‌ನಿಂದ ದಪ್ಪ ಕೇಬಲ್ ಸೆಲ್ಫ್ ಮೋಟರ್‌ಗೆ ಹೋಗಿ, ಅಲ್ಲಿಂದ ಮುಂದಿರುವ ಬ್ಯಾಟರಿಗೆ ಬರುತ್ತದೆ. ಎಂಜಿನ್ ನಡುವೆ, ಬ್ಯಾಟರಿ ಮುಂದೆ. ಅಷ್ಟು ಉದ್ದದ ದಾರಿ. ವರ್ಷಗಟ್ಟಲೆ ಮಳೆ ನೀರು ತಿಂದು ಕೇಬಲ್ ತುದಿಯ ತಾಮ್ರ ರಬ್ಬರ್ ಒಳಗೇ ಹಸಿರಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ನೀವೂ ಹೀಗೇ ಮಾಡಿ: ಲೈಟು, ಬ್ಲೋವರ್ ಹಾಕಿಟ್ಟು, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕೇಬಲ್ ಅಥವಾ ಜೋಡಣೆ ಕೆಟ್ಟಿದೆ. ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್‌ಗೂ ಹೀಗೇ ನೋಡಿ. ಅಲ್ಲಿ 0.2ರ ಒಳಗಿರಬೇಕು, ಇಲ್ಲದಿದ್ದರೆ ಅರ್ಥಿಂಗ್ ಪಟ್ಟಿ ಉಜ್ಜಿ ಬಿಗಿ ಮಾಡಿ. ಗ್ಯಾರೇಜಿನಲ್ಲಿ ಯಾರೂ ಈ ಪರೀಕ್ಷೆ ಮಾಡಿದ್ದನ್ನು ನಾನು ನೋಡಿಲ್ಲ.

ಆದರೆ ನಿಮ್ಮ ಗಾಡಿ ಕೀಚ್ ಅನ್ನುತ್ತಿದೆಯಲ್ಲ, ನನ್ನ ಅನುಮಾನ ಬೆಲ್ಟ್ ಮೇಲೇ. ಜಾರುವ ಬೆಲ್ಟ್ ಆಲ್ಟರ್ನೇಟರನ್ನು ಪೂರ್ತಿ ತಿರುಗಿಸುವುದಿಲ್ಲ, ಒದ್ದೆಯಾದಾಗಂತೂ ಇನ್ನೂ ಕಡಿಮೆ.

ಬಿರುಕು ಇಲ್ಲ, ಬೆಲ್ಟ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ನಿಯೋಪ್ರೀನ್ ರಬ್ಬರಿನ ಬೆಲ್ಟ್‌ಗಳು ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು. ಈಗಿನವು ಇ.ಪಿ.ಡಿ.ಎಂ. ರಬ್ಬರ್. ಅವು ಬಿರುಕು ಬಿಡುವುದು ಕಡಿಮೆ, ಟೈರ್ ಹಾಗೆ ಸವೆಯುತ್ತವೆ. ಬೆಲ್ಟಿನ ಒಂದು ಬದಿಯಲ್ಲಿ ಉದ್ದಕ್ಕೂ ಎದ್ದಿರುವ ಗೆರೆಗಳ ನಡುವಿನ ಸಂದು ಹೊಸದರಲ್ಲಿ ಚೂಪಾಗಿರುತ್ತದೆ, ಸವೆದಾಗ ಅಗಲವಾಗಿ ದುಂಡಗಾಗುತ್ತದೆ. ಆಗ ಬೆಲ್ಟ್ ತಾನು ಸುತ್ತುವ ಚಕ್ರದ, ಅಂದರೆ ಪುಲ್ಲಿಯ, ಗ್ರೂವಿನಲ್ಲಿ ಇನ್ನೂ ಕೆಳಗೆ ಕೂತು ಹಿಡಿತ ಬಿಡುತ್ತದೆ. ಹೊಸ ಬೆಲ್ಟ್ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಸದ್ದಿಗೆ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಓಡುವಾಗ ಬೆಲ್ಟಿನ ಗೆರೆಯ ಬದಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ತೋಳು, ಐಡಿ ಕಾರ್ಡಿನ ದಾರ ಯಾವುದೂ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಸೋಪು ಹಚ್ಚುವುದು, ಸ್ಪ್ರೇ ಹೊಡೆಯುವುದು ಎಲ್ಲ ವ್ಯರ್ಥ. ಕೊಳೆ ಹಿಡಿಯುತ್ತದೆ ಅಷ್ಟೇ.

ನನ್ನ ತಪ್ಪು ಏನು ಅಂತ ಹೇಳುತ್ತೇನೆ ಅಂದಿದ್ದೆ. ಒಂದು ಭಾನುವಾರ ನಾನೇ ಬೆಲ್ಟ್ ಬದಲಿಸಿದೆ. ಮೀಟರ್ 14.2 ತೋರಿಸಿತು. ಖುಷಿಯಾಗಿ ಗಣೇಶನ ಹಬ್ಬಕ್ಕೆ ಊರಿಗೆ ಹೊರಟೆ. ಕರಾಡ್ ದಾಟಿದ ಮೇಲೆ ಬ್ಯಾಟರಿ ಲೈಟ್ ಬಂತು. ಹೊಸ ಬ್ಯಾಟರಿ, ಕೊಲ್ಹಾಪುರದವರೆಗೆ ನಡೆಯುತ್ತೆ ಬಿಡು ಅಂದುಕೊಂಡೆ. ಒಂದು ತಿರುವಿನಲ್ಲಿ ಸ್ಟಿಯರಿಂಗ್ ಒಮ್ಮೆಲೇ ಕಲ್ಲಾಯಿತು. ಆಗ ಹೊಳೆಯಿತು. ಈ ಎಂಜಿನ್‌ನಲ್ಲಿ ಆಲ್ಟರ್ನೇಟರ್, ಪವರ್ ಸ್ಟಿಯರಿಂಗ್, ಎಸಿ, ವಾಟರ್ ಪಂಪ್ ನಾಲ್ಕಕ್ಕೂ ಇರುವುದು ಒಂದೇ ಬೆಲ್ಟ್. ಪಕ್ಕಕ್ಕೆ ಹಾಕಿ ನಿಲ್ಲಿಸುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಏರಲು ಶುರುವಾಗಿತ್ತು. ಇನ್ನೆರಡು ಕಿಲೋಮೀಟರ್ ಓಡಿಸಿದ್ದರೆ ಎಂಜಿನ್ ಕಥೆ ಮುಗಿಯುತ್ತಿತ್ತೇನೋ.

ಕೆಎ 23 ನಂಬರಿನ ಲಾರಿಯೊಂದು ನಿಂತಿತು. "ಏನಾತ್ರೀ ಸರ್, ಇಂಥಾ ಗಾಡಿನೂ ಕೆಡತಾವೇನ್ರೀ?" ಅಂತ ಡ್ರೈವರ್ ಇಳಿದು ಬಂದ. ಸೀಟಿನ ಹಿಂದೆ ಎಂಜಿನ್ ಇರುವುದು ನೋಡಿ ಬಿದ್ದು ಬಿದ್ದು ನಕ್ಕ. ಆಮೇಲೆ ಟಾರ್ಚ್ ಹಿಡಿದು ಹರಿದ ಬೆಲ್ಟನ್ನು ಎಳೆದು ತೆಗೆದವನೂ ಅವನೇ. "ಒಂದ್ ಎಳಿ ಹೊರಗ ಕುಂತಿತ್ರೀ ಇದು, ಅಂಚು ನೋಡ್ರಿ" ಅಂದ. ನಿಜ. ಆರು ಗೆರೆಯ ಬೆಲ್ಟ್ ಆಲ್ಟರ್ನೇಟರ್ ಪುಲ್ಲಿಯ ಮೇಲೆ ಐದೇ ಗ್ರೂವಿನಲ್ಲಿ ಕೂತಿತ್ತು. ಒಂದು ಗೆರೆ ಹೊರಗೆ ತೂಗಾಡಿ, ಸೀಳಿ, ಕೊನೆಗೆ ಇಡೀ ಬೆಲ್ಟನ್ನೇ ಎಳೆದುಕೊಂಡು ಹೋಗಿತ್ತು. ಮೀಟರ್ 14.2 ತೋರಿಸಿದ್ದು ಅದಕ್ಕೇ. ಐದು ಗೆರೆಯಲ್ಲೂ ಅದು ತಿರುಗುತ್ತದೆ, ಸ್ವಲ್ಪ ದಿನ.

ಹಾಗಾಗಿ ನೀವು ಹಾಕುವಾಗ ಹೀಗೆ ಮಾಡಿ. ಬ್ಯಾಟರಿ ಮೈನಸ್ ಬಿಚ್ಚಿ. ಆದರೆ ಮುಂದಿನ ಬಾನೆಟ್ ಪೂರ್ತಿ ಮುಚ್ಚಬೇಡಿ, ಅದರ ಲಾಕ್ ಕರೆಂಟಿನಲ್ಲಿ ತೆರೆಯುವಂಥದ್ದು. ಮುಚ್ಚಿಬಿಟ್ಟರೆ ಕಾಲಿಡುವ ಜಾಗದ ಫ್ಯೂಸ್ ಡಬ್ಬಿಯಲ್ಲಿ ಹೊರಗೆಳೆಯುವ ಒಂದು ಪಿನ್ ಇದೆ. ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್, ಬಾಗಿಲಿನ ಲಾಕ್ ಕೊಂಡಿಗೆ ಮೈನಸ್ ಕೊಟ್ಟರೆ ತೆರೆಯುತ್ತದೆ. ನಾನು ಅದನ್ನೂ ಮಾಡಿದ್ದೇನೆ, ಕೇಳಬೇಡಿ.

ಸೀಟು ಮುಂದಕ್ಕೆ ತಳ್ಳಿ, ಹಿಂದಿನ ಕಾರ್ಪೆಟ್ ಎತ್ತಿ, ತಗಡಿನ ಮುಚ್ಚಳ ಬಿಚ್ಚಿದರೆ ಬೆಲ್ಟ್ ಎದುರಿಗೇ ಕಾಣುತ್ತದೆ. ಅದು ಓಡುವ ದಾರಿಯನ್ನು ಫೋಟೋ ತೆಗೆದುಕೊಳ್ಳಿ. 24ರ ಸ್ಪ್ಯಾನರ್ ಹಾಕಿ, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನ ತಿರುಗಿಸಿದರೆ ಬೆಲ್ಟ್ ಸಡಿಲಾಗುತ್ತದೆ. ಉದ್ದನೆಯ ಸ್ಪ್ಯಾನರ್ ಇರಲಿ, ಸ್ಪ್ರಿಂಗ್ ಗಟ್ಟಿ ಇದೆ. ಬೆಲ್ಟ್ ಹೊರಬಂದ ಮೇಲೆ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಕರಕರ ಅಂದರೆ, ಅಲ್ಲಾಡಿದರೆ ಅದರ ಬೇರಿಂಗ್ ಹೋಗಿದೆ. ಅದನ್ನು ಬಿಟ್ಟು ಹೊಸ ಬೆಲ್ಟ್ ಹಾಕಿದರೆ ದುಡ್ಡು ದಂಡ. ವಾಟರ್ ಪಂಪ್ ಹತ್ತಿರ ಕೂಲಂಟ್ ಒಣಗಿದ ಕಲೆ ಇದೆಯಾ ಅಂತಲೂ ನೋಡಿ.

ಹೊಸ ಬೆಲ್ಟ್ ಕೊಳ್ಳುವಾಗ ಹಳೆಯದರ ಮೇಲಿನ ಅಕ್ಷರ ಓದಿ. 6ಪಿಕೆ ಅಂದರೆ ಆರು ಗೆರೆ, ಅದರ ಮುಂದಿನ ಸಂಖ್ಯೆ ಮಿಲಿಮೀಟರ್‌ನಲ್ಲಿ ಉದ್ದ. ನಾನಾ ಪೇಟೆಯಲ್ಲಿ ಒಮ್ಮೆ ಹುಡುಕಿ. ಗ್ರೂವ್ ಇರುವ ಪುಲ್ಲಿಗೆ ಬೆಲ್ಟಿನ ಗೆರೆ ಬದಿ, ನುಣುಪಾದ ಪುಲ್ಲಿಗೆ ಬೆನ್ನು. ಕೊನೆಯಲ್ಲಿ ಟೆನ್ಷನರ್ ಬಿಡಿ. ಆಮೇಲೆ ಅವಸರ ಮಾಡದೆ ಪ್ರತಿ ಪುಲ್ಲಿಯ ಎರಡೂ ಅಂಚಿಗೆ ಬೆರಳು ಹಾಕಿ ಆರೂ ಗೆರೆ ಗ್ರೂವಿನಲ್ಲಿ ಕೂತಿವೆಯಾ ಎಣಿಸಿ, ಮುಖ್ಯವಾಗಿ ಕಣ್ಣಿಗೆ ಕಾಣದ ಹಿಂಬದಿಗೆ. ಎಂಜಿನ್ ಬಂದ್ ಇರುವಾಗಲೇ, ತಿಳಿಯಿತಲ್ಲ? ಬೆರಳು ಹೋಗದ ಕಡೆ ಫೋನ್ ಇಳಿಸಿ ಫೋಟೋ ತೆಗೆಯಿರಿ. ಬ್ಯಾಟರಿ ಜೋಡಿಸಿ ಒಂದು ನಿಮಿಷ ಓಡಿಸಿ, ಬಂದ್ ಮಾಡಿ, ಮತ್ತೆ ಎಣಿಸಿ.

ಅಲ್ಲಿಯವರೆಗೆ ಗಾಡಿ ಓಡಿಸಲೇಬೇಕಾದರೆ, ಲೈಟ್ ಬಂದು ಹಾಗೇ ಉಳಿದು ಸ್ಟಿಯರಿಂಗ್ ಭಾರವಾದ ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ. ಬ್ಯಾಟರಿ ಹತ್ತಿರ ಎಷ್ಟು ವೋಲ್ಟ್, ಆಲ್ಟರ್ನೇಟರ್ ಬೋಲ್ಟ್ ಮೇಲೆ ಎಷ್ಟು, ಎರಡನ್ನೂ ಅಳೆದು ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.