ಆಲ್ಟೋ ಹಾಡುತ್ತಾ ಹಾಡುತ್ತಾ ಪಕ್ಕದವರ ಟ್ಯೂನಿಗೆ ಜಾರುವವರಿಗೆ

"ಆರು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ, ಶ್ರುತಿ ಬಿಡುವವಳಲ್ಲ. ಆದರೆ ವಾದ್ಯ ಇಲ್ಲದೆ ಹಾಡುವ ಗುಂಪಿಗೆ ಸೇರಿದ ಮೇಲೆ ಆಲ್ಟೋ (ಹೆಂಗಸರ ಕೆಳಗಿನ ದನಿಯ ಪಾರ್ಟ್) ಕೊಟ್ಟಿದ್ದಾರೆ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಸೊಪ್ರಾನೊ (ಹೆಂಗಸರ ಮೇಲಿನ ದನಿ) ಟ್ಯೂನ್ ಹಾಡುತ್ತಿರುತ್ತೇನೆ, ಬಿಟ್ಟುಬಿಡಲಾ?" ಅಂತ ಕೇಳಿದ್ದೀರಿ. ಬಿಡಬೇಡಿ ಕಣ್ರೀ. ನಾನೂ ಅದೇ ಕಾಯಿಲೆಯವಳು.

ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರ ಮನೆ ಮಹಡಿ ಮೇಲೆ ಭಾನುವಾರ ಸಂಜೆ ಸೇರುವ ಒಂಬತ್ತು ಜನ ನಾವು. ಮೊದಲ ಮೂರು ತಿಂಗಳು ನಾನು ಆಲ್ಟೋ ಆಗಿದ್ದದ್ದು ಹಾಳೆ ಮೇಲೆ ಮಾತ್ರ. ಇದು ಕಿವಿಯ ದೋಷ ಅಲ್ಲ, ಅಭ್ಯಾಸ. ಪಾಠದಲ್ಲಿ ನಾವು ಮಾಡಿದ್ದೇನು? ಮೇಷ್ಟ್ರು ಹಾಡಿದ್ದನ್ನು ಹಿಂದೆಯೇ ಹಾಡಿದ್ದು. ಕಚೇರಿಯಲ್ಲಿ ಪಿಟೀಲಿನವರೂ ಹಾಡುವವರ ನೆರಳು. ಪಕ್ಕದಲ್ಲಿ ಯಾರಾದರೂ ಗಟ್ಟಿಯಾಗಿ ಹಾಡಿದರೆ ಅವರ ಜೊತೆ ಹೋಗುವುದೇ ಮರ್ಯಾದೆ ಅಂತ ಕಿವಿ ಕಲಿತುಬಿಟ್ಟಿದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಒಂದು ಕಿವಿಗೆ ಬೆರಳಿಟ್ಟು ಹಾಡಿ ಅಂತ. ನಾನೂ ಮಾಡಿದೆ. ಆ ಹೊತ್ತಿಗೆ ಜಾರುವುದು ನಿಲ್ಲುತ್ತದೆ, ನಿಜ. ಆದರೆ ಮುಚ್ಚಿದ ಕಿವಿಯಲ್ಲಿ ಹಾರ್ಮನಿ, ಅಂದರೆ ಬೇರೆ ಬೇರೆ ಸ್ವರ ಒಟ್ಟಿಗೆ ಕೂಡುವ ನಾದ, ಎಲ್ಲಿಂದ ಬರಬೇಕು? ಒಬ್ಬೊಬ್ಬರೂ ಸುಮ್ನೆ ತಮ್ಮ ಪಾಡಿಗೆ ಹಾಡಿದ ಹಾಗಿರುತ್ತದೆ. ನನಗೆ ದಾರಿ ತೋರಿಸಿದ್ದು ತಂಬೂರಿ.

ಫೋನಿನಲ್ಲಿ ನಿಮ್ಮ ಶ್ರುತಿಗೆ ತಂಬೂರಿ ಹಾಕಿಕೊಳ್ಳಿ. 'ಸ' ಹಾಡಿ, ಆಮೇಲೆ ಅಂತರ ಗಾಂಧಾರವನ್ನು ('ಗ'ಗಳಲ್ಲಿ ಎಲ್ಲಕ್ಕಿಂತ ಮೇಲಿನದು) ಉದ್ದಕ್ಕೆ, ಅಲುಗಾಡಿಸದೆ ಹಿಡಿಯಿರಿ. ಸ್ವಲ್ಪ ಆಚೀಚೆ ಇದ್ದರೆ ಶಬ್ದದಲ್ಲಿ 'ವವ್ ವವ್' ಅಂತ ಒಂದು ಅಲೆ ಕೇಳುತ್ತದೆ. ಸರಿಯಾದ ಜಾಗಕ್ಕೆ ಹತ್ತಿರವಾದ ಹಾಗೆ ಅಲೆ ನಿಧಾನವಾಗುತ್ತದೆ, ಕೂತ ತಕ್ಷಣ ನಿಂತೇ ಹೋಗುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ ಅಲ್ವಾ, ಅದೇ ಇದು. 'ಸ'ಕ್ಕೂ ಅದಕ್ಕೂ ಕಂಪನದ ಲೆಕ್ಕದಲ್ಲಿ 4:5ರ ಸಂಬಂಧ. ಕೀಬೋರ್ಡಿನ ಗಾಂಧಾರ ಇದಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಅಂತ ಲೆಕ್ಕ. ಪಂಚಮದಲ್ಲಿ ('ಪ') ವ್ಯತ್ಯಾಸ ಬರೀ 2 ಸೆಂಟ್, ಯಾರಿಗೂ ಗೊತ್ತಾಗುವುದಿಲ್ಲ, ಗಾಂಧಾರದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಕೀಬೋರ್ಡಿನಿಂದ ಶುರುವಿನ ಸ್ವರ ತೆಗೆದುಕೊಳ್ಳಿ, ಅಷ್ಟು ಸಾಕು.

ಇದೊಂದು ವಾರ ಆದಮೇಲೆ ಒಬ್ಬರು ಜೊತೆಗೆ ಬೇಕು. ತಂಗಿಯೋ, ಮಗಳೋ, ಪಾಠದ ಗೆಳತಿಯೋ. ಮೊದಲನೇ ಸರಳೆ ('ಸ ರಿ ಗ ಮ ಪ ದ ನಿ ಸ' ಏರಿ ಇಳಿಯುವ ಮೊದಲ ಪಾಠ) ಹಾಡಿ, ಆದರೆ ಪಾಠದಲ್ಲಿ ಕಲಿತ ಮಾಯಾಮಾಳವಗೌಳ ರಾಗದಲ್ಲಿ ಬೇಡ, ಶಂಕರಾಭರಣ ರಾಗದಲ್ಲಿ. ಅವರು 'ಸ ರಿ' ಮುಗಿಸಿ 'ಗ'ಕ್ಕೆ ಬಂದಾಗ ನೀವು 'ಸ' ಶುರು ಮಾಡಿ. ಅವರು 'ಮ', ನೀವು 'ರಿ'. ಅವರು 'ಪ', ನೀವು 'ಗ'. ನೋಡಿ, ಹೊಸದೇನೂ ಕಲಿಯದೆ ಎರಡು ಪಾರ್ಟ್ ಆಯಿತು! ಮಜಾ ಇರುವುದು ತುದಿಯಲ್ಲಿ. ಅವರು ಮೇಲಿನ 'ಸ'ವನ್ನು ಎರಡನೇ ಸಲ ಹಾಡುವಾಗ ನೀವು 'ನಿ'ಯಲ್ಲಿರುತ್ತೀರಿ, ಮರುಎಣಿಕೆಗೆ ಅದಲು ಬದಲು. ಎರಡು ಎಣಿಕೆ ಕಾಲ ಕಿವಿಯಲ್ಲಿ ಮರಳು ಅಗಿದ ಹಾಗಾಗುತ್ತದೆ. ಜಾರುವವರು ಜಾರುವುದು ಅಲ್ಲೇ. ನಗು ಬಂದರೂ ಬಿಡದೆ ಹಿಡಿದುಕೊಂಡರೆ ಮುಂದಿನ ಎಣಿಕೆಯಲ್ಲಿ ಅವರು 'ದ', ನೀವು ಮೇಲಿನ 'ಸ', ಎಲ್ಲ ತಿಳಿಯಾಗುತ್ತದೆ. ಇಳಿಯುವಾಗ ಪೂರ್ತಿ ನೀವೇ ಮೇಲೆ. ನಾನು ಮತ್ತು ನನ್ನ ಜೊತೆ ಹಾಡುತ್ತಿದ್ದವರು ಇದನ್ನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಮಾಡುತ್ತಿದ್ದೆವು, ಹೆಜ್ಜೆಯೇ ತಾಳ. ವಾಕಿಂಗಿನವರು ಒಂದು ಥರಾ ನೋಡುತ್ತಾರೆ, ನೋಡಲಿ.

ಒಂದು ಎಚ್ಚರಿಕೆ. ನೀವು ಗಮಕ (ಸ್ವರವನ್ನು ತೂಗಿ, ಅಲುಗಿಸಿ ಹಾಡುವುದು) ಕಲಿತವರು. ಉದ್ದದ 'ಗ'ವನ್ನು ಗೊತ್ತಿಲ್ಲದೆ 'ಮ'ದ ಕಡೆ ತೂಗಿಬಿಡುತ್ತೀರಿ. ಒಬ್ಬರೇ ಹಾಡಿದರೆ ಅದೇ ಚೆಂದ, ನಾಲ್ಕು ಸ್ವರ ಒಟ್ಟಿಗೆ ನಿಂತಿರುವಾಗ ಇಡೀ ಗೋಡೆ ಅಲ್ಲಾಡುತ್ತದೆ. ನಮ್ಮ ಟೆನರ್ (ಗಂಡಸರ ಮೇಲಿನ ದನಿ ಹಾಡುವವರು) ಹೇಳುವುದು, ಗಮಕವನ್ನು ಚಪ್ಪಲಿ ಜೊತೆ ಬಾಗಿಲ ಹೊರಗೆ ಬಿಟ್ಟು ಬನ್ನಿ ಅಂತ. ಹೋಗುವಾಗ ಹಾಕಿಕೊಂಡು ಹೋಗಬಹುದಲ್ಲ.

ನಿಮ್ಮ ಕಲಿಕೆಯಿಂದ ಲಾಭವೂ ಇದೆ. ಹಾಡಿನಲ್ಲಿ ಬೇಸ್ (ಗಂಡಸರ ಕೆಳಗಿನ ದನಿ) 'ಸ'ದಿಂದ ಕೆಳಗಿನ 'ಮ'ಕ್ಕೆ ಹೋದರೆ, ನೀವು ಹಿಡಿದ 'ಸ' ಅಲ್ಲಾಡದೆಯೇ ಅದಕ್ಕೆ ಪಂಚಮ ಆಗಿಬಿಡುತ್ತದೆ. ಗ್ರಹಭೇದ (ಬೇರೊಂದು ಸ್ವರವನ್ನು 'ಸ' ಅಂತ ಹಿಡಿದು ಹಾಡುವುದು) ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅದಕ್ಕೇ ಬೇಸ್ ಪಾರ್ಟನ್ನೂ ಒಂದೆರಡು ಸಲ ಕೇಳಿಟ್ಟುಕೊಳ್ಳಿ, ಮತ್ತು ಮೊದಲ ಕೆಲವು ವಾರ ಸೊಪ್ರಾನೊ ಪಕ್ಕ ನಿಲ್ಲಬೇಡಿ, ಬೇಸ್ ಪಕ್ಕ ನಿಲ್ಲಿ.

ಪಾರ್ಟ್ ಬಾಯಿಪಾಠಕ್ಕೆ ಫೋನ್ ರೆಕಾರ್ಡಿಂಗ್ ಸಾಕು. ಮೊದಲು ಬರೀ 'ಲ ಲ', ಮಾತು ಆಮೇಲೆ. ನಿದ್ದೆಗಣ್ಣಿನಲ್ಲೂ ಬರುತ್ತದೆ ಅನ್ನಿಸಿದ ಮೇಲೆ ಮೇನ್ ಟ್ಯೂನನ್ನು ಸಣ್ಣಗೆ ಹಾಕಿ ಅದರ ಮೇಲೆ ನಿಮ್ಮದು ಹಾಡಿ, ದಿನಾ ಸ್ವಲ್ಪ ಸ್ವಲ್ಪ ಸೌಂಡ್ ಜಾಸ್ತಿ ಮಾಡಿ. ಉಸಿರನ್ನು ಪಕ್ಕದವರು ತೆಗೆದುಕೊಂಡಾಗ ತೆಗೆದುಕೊಳ್ಳಬೇಡಿ, ಸಾಲಿನ ಮಧ್ಯೆ ಕದ್ದು ತೆಗೆದು ಮೆಲ್ಲಗೆ ಒಳಗೆ ಬನ್ನಿ.

ಇನ್ನು ಇಡೀ ಗುಂಪು ಶ್ರುತಿ ಇಳಿಯುವುದು. ವಾದ್ಯ ಇಲ್ಲದಾಗ ಇದು ಎಲ್ಲರಿಗೂ ಆಗುತ್ತದೆ. ನಮ್ಮದು ಮೂರನೇ ಚರಣಕ್ಕೆ ಅರ್ಧ ಸ್ವರ ಕೆಳಗಿರುತ್ತದೆ. ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ಗಮನ ಕೊಡಿ, ಅಲ್ಲೇ ಸೋರುವುದು. ಆದರೆ ಕಾರ್ಯಕ್ರಮದ ಮಧ್ಯೆ ಎಲ್ಲರೂ ಇಳಿದರೆ ನೀವೂ ಜೊತೆಗೆ ಇಳಿಯಿರಿ. ಒಬ್ಬರೇ ಸರಿಯಾಗಿದ್ದರೆ ಕೇಳುವವರಿಗೆ ತಪ್ಪಾಗಿ ಕಾಣುವುದು ನೀವೇ! ಏರುವ ಅಪಾಯವೂ ಇದೆ. ಮಂಡ್ಯದಲ್ಲಿ ಒಂದು ಆರತಕ್ಷತೆಯಲ್ಲಿ ಗಾಬರಿಗೆ ಶ್ರುತಿ ನೋಡದೆ ಶುರು ಮಾಡಿ, ಎರಡು ಸ್ವರ ಮೇಲೆ ಹೋಗಿ, ಸೊಪ್ರಾನೊ ಇಬ್ಬರೂ ಮೇಲಿನ ಸ್ವರ ಸಿಗದೆ ಬಾಯಿ ಮಾತ್ರ ಆಡಿಸಿದರು. ಗಂಡಿನ ಕಡೆಯವರು ಮೈಕ್ ಕೆಟ್ಟಿದೆ ಅಂದುಕೊಂಡರು, ಪುಣ್ಯ.

ಮನೆಯಲ್ಲಿ "ಇದೆಲ್ಲ ನಮ್ಮ ಸಂಗೀತ ಅಲ್ಲ" ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ನಮ್ಮ ಮೈಸೂರು ಮಹಾರಾಜ ಜಯಚಾಮರಾಜ ಒಡೆಯರೇ 1948ರಲ್ಲಿ ಪಾಶ್ಚಾತ್ಯ ಸಂಗೀತದ, ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು ಅಂತ ಹೇಳಿ ನೋಡಿ. ದಸರೆಗೆ ಪೊಲೀಸ್ ಬ್ಯಾಂಡ್ ಕೇಳಲು ಕರೆದುಕೊಂಡೂ ಹೋಗಿ. ನೀವು ಮಾತ್ರ ಅಲ್ಲಿ ಮೇನ್ ಟ್ಯೂನ್ ಬಿಟ್ಟು ನಡುವಿನ ವಾದ್ಯಗಳ ಹಿಂದೆ ಕಿವಿ ಕಳಿಸಿ, ಅವು ನಿಮ್ಮ ಆಲ್ಟೋ ಥರಾನೇ.

ಜಾರುವುದು ಯಾವ ಪದದ ಹತ್ತಿರ ಅಂತ ಬರೆಯಿರಿ. ಎರಡೂ ಪಾರ್ಟ್ ಒಂದೇ ಸ್ವರಕ್ಕೆ ಬಂದು ಸೇರುವ ಜಾಗ ಇರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಆ ಒಂದು ಪದದಿಂದಾಚೆಯ ನಾಲ್ಕು ಸ್ವರ ಮಾತ್ರ ದಿನಾ ಇಪ್ಪತ್ತು ಸಲ ಹಾಡಿ, ಪೂರ್ತಿ ಹಾಡು ಬೇಡ.