ಹೊಸ ಬುಷ್ ಇಷ್ಟು ಬೇಗ ಯಾಕೆ ಹರಿಯಿತು?

ಹಳೆಯ ಕಾರಿನ ಮುಂದಿನ ಲೋವರ್ ಆರ್ಮ್‌ಗೆ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳಗಿನ ತೋಳು) ಹೊಸ ರಬ್ಬರ್ ಬುಷ್, ಅಂದರೆ ಅದರ ಕೀಲಿನಲ್ಲಿ ಕೂರುವ ರಬ್ಬರ್ ಮೆತ್ತೆ, ಹಾಕಿದಿರಿ, ಆರೇ ತಿಂಗಳಲ್ಲಿ ಹರಿಯಿತು ಅಂತೀರಿ. ಬುಷ್ ಕಳಪೆ ಅಂತ ಈಗಲೇ ಬೈಯಬೇಡಿ. ಕಾರು ಜಾಕ್ ಮೇಲೆ, ಚಕ್ರ ಜೋತುಬಿದ್ದಿದ್ದಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದಿರಾ? ನನ್ನ ಅನುಮಾನ ಅಲ್ಲೇ. ಬೋಲ್ಟ್ ಬಿಗಿಯಾದರೆ ಬುಷ್ ಒಳಗಿನ ಲೋಹದ ಕೊಳವೆ ಅಲ್ಲಾಡುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಕಾರು ಕೆಳಗಿಳಿಸಿದ ಕ್ಷಣದಿಂದ ಅದು ಹಿಂಡಿದ ಒದ್ದೆ ಬಟ್ಟೆಯ ಹಾಗೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ.

ಈ ಸಲ ಬೋಲ್ಟ್ ಸುಮ್ನೆ ಕೂರಿಸಿ ಬಿಡಿ. ಚಕ್ರದ ಮೇಲೆ ಕಾರಿನ ಭಾರ ಪೂರ್ತಿ ಬಿದ್ದ ಮೇಲೆ ಕೊನೆಯ ಬಿಗಿ ಕೊಡಿ. ಬಿಚ್ಚುವಾಗ ಕಾಯಿಲ್ ಸ್ಪ್ರಿಂಗ್ ಬಗ್ಗೆ ಮಾತ್ರ ತುಂಬಾ ಜೋಪಾನ, ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬೇಡಿ. ಆಮೇಲೆ ಚಕ್ರಗಳ ಅಲೈನ್‌ಮೆಂಟ್ (ಕೋನ ಸರಿಪಡಿಸುವುದು) ಮಾಡಿಸಿ.