ಪಾಪದ ದನವೇ ಒದೆಯುವುದು

(ಉಡುಪಿ ಸುತ್ತಮುತ್ತ ಮೂವತ್ತು ವರ್ಷ ದನದ ಡಾಕ್ಟರಾಗಿದ್ದು ನಿವೃತ್ತರಾದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಹಾಲು ಕರೆಯುತ್ತಿದ್ದದ್ದು ಅತ್ತೆ. ಅವರಿಗೆ ಮಂಡಿ ಆಪರೇಷನ್ ಆಗಿ ಹಟ್ಟಿಗೆ ಹೋಗುವ ಹಾಗಿಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಕ್ರಾಸ್ ದನ, ಕರು ಹಾಕಿ ಹನ್ನೆರಡು ದಿನ. ನಾನು ಹೋದರೆ ಬಾಲ್ದಿ ಒದೆಯುತ್ತದೆ. ನಿನ್ನೆ ಕರು ಬಿಡಿಸಲು ಹೋದಾಗ ಹಾಯಲು ಬಂತು. ಅತ್ತೆ ಮಾತ್ರ ‘ಅದು ಪಾಪದ ದನ, ನೀನೇ ಹೆದರಿಸಿರಬೇಕು’ ಅನ್ನುತ್ತಾರೆ.

ಉತ್ತರ: ಅತ್ತೆಯವರ ಮಾತು ಅರ್ಧ ಸರಿ ಅಮ್ಮಾ. ದನ ಪಾಪದ್ದೇ, ಆದರೆ ಅವರ ಪಾಲಿಗೆ. ಅವರ ದನಿ, ಸೀರೆಯ ವಾಸನೆ, ಅವರು ಕೂರುವ ಬದಿ ಅದಕ್ಕೆ ಗೊತ್ತು. ನೀವು ಆ ಮನೆಯ ಸೊಸೆ ಎಂದು ದನಕ್ಕೆ ಯಾರು ಹೇಳಿದ್ದಾರೆ! ಒದೆ ತಿಂದವರು ನನ್ನ ಹತ್ತಿರ ಹೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಮಾತು: ‘ಇಷ್ಟು ವರ್ಷ ಏನೂ ಮಾಡಿರಲಿಲ್ಲ ಡಾಕ್ಟ್ರೇ.’

ಕರು ಹಾಕಿದ ಹೊಸತರಲ್ಲಿ ತಾಯಿಗೂ ಕರುವಿಗೂ ನಡುವೆ ಯಾರೂ ನಿಲ್ಲಬಾರದು. ಅತ್ತೆಯೂ ನಿಲ್ಲಬಾರದು. ಕರು ಬಿಡಿಸುವ ಮೊದಲು ದನವನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ಮುಂದೆ ಸ್ವಲ್ಪ ಹಿಂಡಿ ಇಡಿ. ಕರುವನ್ನು ಅದರ ಕಣ್ಣೆದುರಿಗೇ ಕಟ್ಟಿ. ದನ ತಲೆ ತಗ್ಗಿಸಿ ಬುಸುಗುಟ್ಟಿದರೆ, ನೆಲ ಕೆರೆದರೆ ಕೆಲಸ ಅಲ್ಲಿಗೇ ಬಿಡಿ. ಬೆನ್ನು ಹಾಕಿ ಓಡಬೇಡಿ. ಅದರ ಮೇಲೆ ಕಣ್ಣಿಟ್ಟುಕೊಂಡೇ ಹಿಂದಕ್ಕೆ ಸರಿಯಿರಿ. ನಮ್ಮ ಕಡೆಯ ಹಳೇ ಹಟ್ಟಿಗಳಲ್ಲಿ ಇನ್ನೊಂದು ತೊಂದರೆ ಇದೆ. ಅವನ್ನು ಕಟ್ಟಿದ್ದು ನಮ್ಮ ಸಣ್ಣ ಮೈಯ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ. ಈಗ ಅಲ್ಲಿ ನಿಂತಿರುವುದು ನಾಲ್ಕೈನೂರು ಕಿಲೋದ ಎಚ್‌ಎಫ್. ಗೋಡೆ ಬದಿಯಿಂದ ನುಗ್ಗಿದರೆ ಅದು ಸುಮ್ನೆ ಒರಗಿದರೂ ಪಕ್ಕೆಲುಬು ಹೋಯಿತು. ಬಾಗಿಲ ಕಡೆಯಿಂದಲೇ ಹೋಗಿ.

ಇನ್ನು ಒದೆಯುವ ವಿಷಯ. ದನದ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತ 330 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದೆ ಉಳಿಯುವುದು ಬಾಲದ ಹಿಂದಿನ ಜಾಗ, ಮತ್ತೆ ಮೂಗಿನ ಎದುರಿಗೆ ಒಂದಿಷ್ಟು. ಹಿಂದಿನಿಂದ ಸದ್ದಿಲ್ಲದೆ ಬಂದು ತೊಡೆ ಮುಟ್ಟಿದರೆ ಅದಕ್ಕೆ ನೀವೂ ಒಂದೇ, ಹುಲಿಯೂ ಒಂದೇ. ಹತ್ತು ಹೆಜ್ಜೆ ದೂರದಿಂದಲೇ ಮಾತಾಡಿಸುತ್ತಾ ಹೋಗಿ. ಮೊದಲು ಭುಜ ಮುಟ್ಟಿ, ಆ ಕೈ ತೆಗೆಯದೆ ಬೆನ್ನ ಮೇಲೆ ಸವರುತ್ತಾ ಕೆಚ್ಚಲಿನ ಕಡೆಗೆ ಬನ್ನಿ.

ಕುದುರೆ ಹಿಂದಕ್ಕೆ ಒದೆಯುತ್ತದೆ. ದನ ಕಾಲನ್ನು ಮುಂದಕ್ಕೆ ತಂದು, ಪಕ್ಕಕ್ಕೆ ಬೀಸಿ, ಆಮೇಲೆ ಹಿಂದಕ್ಕೆ ಝಾಡಿಸುತ್ತದೆ. ‘ಪಕ್ಕದಲ್ಲಿದ್ದೇನಲ್ಲ, ಪರವಾಗಿಲ್ಲ’ ಎಂದುಕೊಂಡವರಿಗೇ ಪೆಟ್ಟು. ಒಂದೋ ಮೈಗೆ ತಾಗಿ ಕೂರಿ, ಇಲ್ಲವೇ ಕಾಲಿಗೆ ಸಿಗದಷ್ಟು ದೂರ ಇರಿ. ಹೆದರಿಕೆಯಲ್ಲಿ ಕೈ ಚಾಚಿ ಒಂದು ಮೊಳ ಆಚೆ ಕೂರುತ್ತೀರಲ್ಲ, ಒದೆ ಜೋರಾಗಿ ಬೀಳುವುದು ಅಲ್ಲಿಗೇ. ನಿಮ್ಮ ಹಣೆ ಅದರ ಹೊಟ್ಟೆಯ ಪಕ್ಕಕ್ಕೆ ಒತ್ತಿರಲಿ. ಕಾಲೆತ್ತುವ ಮೊದಲು ಅಲ್ಲಿಯ ಸ್ನಾಯು ಬಿಗಿಯುವುದು ಹಣೆಗೆ ಗೊತ್ತಾಗುತ್ತದೆ. ಅಷ್ಟು ಹೊತ್ತು ಸಾಕು, ಬಾಲ್ದಿ ಎಳೆದುಕೊಳ್ಳಬಹುದು. ಹೆದರಿದ ದನ ಹಾಲನ್ನೂ ಇಳಿಸುವುದಿಲ್ಲ. ಮೊದಲ ವಾರ ಅತ್ತೆಯವರನ್ನು ಹಟ್ಟಿಯ ಹೊರಗೆ ಕುರ್ಚಿ ಹಾಕಿ ಕೂರಿಸಿ ಮಾತಾಡಿಸಲು ಹೇಳಿ. ಬೈದರೂ ಅಡ್ಡಿಯಿಲ್ಲ, ದನಿ ಕೇಳಿದರೆ ಸಾಕು.

ಒಂದು ಮುಖ್ಯ ವಿಷಯ. ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ ಗಟ್ಟಿಯಾಗಿದ್ದರೆ ಅದು ಒದೆಯುತ್ತಿರುವುದು ನೋವಿಗೆ. ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಊರಿನ ಡಾಕ್ಟರನ್ನು ಕರೆಸಿ.

ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಇದನ್ನು ಹೇಳಲು ನನಗಿಂತ ಅರ್ಹರು ಇಲ್ಲ. 1994ರ ಆಷಾಢ, ಹೆಬ್ರಿ ಕಡೆಯ ಒಂದು ಅಡಿಕೆ ತೋಟ. ನೈಲಾನ್ ಹಗ್ಗ ಮಳೆಗೆ ಜಾರುತ್ತದೆಂದು ಅಂಗೈಗೆ ಎರಡು ಸುತ್ತು ಹಾಕಿಕೊಂಡಿದ್ದೆ. ಒಂದು ಗುಡುಗು. ಕಡಸು ಓಡಿತು, ನಾನೂ ಹೊಟ್ಟೆ ಮೇಲೆ ಹಿಂಬಾಲಿಸಿದೆ, ಐದನೇ ಅಡಿಕೆ ಮರದವರೆಗೆ. ಬಲಗೈ ಉಂಗುರದ ಬೆರಳು ಈಗಲೂ ಮಡಚುವುದಿಲ್ಲ. ಊಟಕ್ಕೆ ಕೂತಾಗ ಮೊಮ್ಮಕ್ಕಳಿಗೆ ಅದೊಂದು ತಮಾಷೆ.

ಪ್ರಶ್ನೆ: ಮಕ್ಕಳನ್ನು ಕಂಬಳಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಕೋಣಗಳನ್ನು ಹತ್ತಿರದಿಂದ ತೋರಿಸಬಹುದಾ? (ಮಂಗಳೂರಿನಿಂದ)

ಉತ್ತರ: ತೋರಿಸಿ, ಆದರೆ ಓಟ ಮುಗಿಯುವ ತುದಿ, ಅಂದರೆ ಮಂಜೊಟ್ಟಿಯ ಹತ್ತಿರ ಬೇಡ. ಓಡಿ ಬಂದ ಕೋಣ ಅಲ್ಲಿ ಹತ್ತಿ ನಿಲ್ಲುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಕೋಣ ಅಂದುಕೊಂಡಿರಬೇಕಲ್ಲ! ಕಟ್ಟಿದ ಕೋಣಗಳನ್ನು ನೋಡುವಾಗಲೂ ಯಜಮಾನರನ್ನು ಕೇಳಿಯೇ ಹತ್ತಿರ ಹೋಗಿ. ಫ್ಲ್ಯಾಷ್ ಹಾಕಿ ಸೆಲ್ಫಿ ಬೇಡವೇ ಬೇಡ.

ಪ್ರಶ್ನೆ: ದನ ಎರಡು ದಿನದಿಂದ ಏನೂ ತಿನ್ನುತ್ತಿಲ್ಲ, ಜೊಲ್ಲು ಸುರಿಸುತ್ತಿದೆ, ಒಂಥರಾ ಕೂಗುತ್ತಿದೆ. ಹಲಸಿನ ಗುಜ್ಜೆ (ಎಳೆಕಾಯಿ) ಗಂಟಲಲ್ಲಿ ಸಿಕ್ಕಿರಬೇಕೆಂದು ನಮ್ಮವರು ಬಾಯಿಗೆ ಕೈ ಹಾಕಿ ನೋಡಿದರು. ಏನೂ ಸಿಗಲಿಲ್ಲ. (ಕಾರ್ಕಳದಿಂದ)

ಉತ್ತರ: ಸಂಪಾದಕರಿಂದ ನಂಬರ್ ಪಡೆದು ನಿಮಗೆ ಅವತ್ತೇ ಫೋನ್ ಮಾಡಿದ್ದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಒದೆಗಿಂತ, ಕೊಂಬಿಗಿಂತ ನನಗೆ ಹೆದರಿಕೆ ಇದರದ್ದು. ಗಂಟಲಲ್ಲಿ ಏನಾದರೂ ಸಿಕ್ಕಿದರೂ ಜೊಲ್ಲು ಸುರಿಯುತ್ತದೆ, ಹುಚ್ಚುನಾಯಿ ರೋಗ ಬಂದರೂ ಸುರಿಯುತ್ತದೆ. ಗಂಟಲು ಕಟ್ಟಿದರೆ ಸಾಮಾನ್ಯವಾಗಿ ಎಡಹೊಟ್ಟೆ ಉಬ್ಬುತ್ತದೆ. ಹುಚ್ಚು ಹಿಡಿದರೆ ದನಿ ಬದಲಾಗಿ ಸುಮ್ಮಸುಮ್ಮನೆ ಕೂಗುತ್ತದೆ. ಆದರೆ ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಾಯಿ ಕಚ್ಚಿದ್ದು ಯಾರೂ ನೋಡಿಲ್ಲ ಎಂದರೆ ಕಚ್ಚಿಲ್ಲ ಎಂದಲ್ಲ. ಗುಡ್ಡೆಗೆ ಮೇಯಲು ಹೋದ ದನಕ್ಕೆ ತಿಂಗಳ ಹಿಂದೆ ಏನಾಯಿತೆಂದು ಯಾರಿಗೆ ಗೊತ್ತು?

ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ಹಾಕಿಯಾಗಿದ್ದರೆ ನಲ್ಲಿ ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಕತ್ತಿ ತಾಗಿದ ಗಾಯವೋ ಅಡಿಕೆ ಸುಲಿದ ಗೀರೋ ಇದ್ದರೆ ಅಲ್ಲಿ ಬಾಯಿಬಿಟ್ಟು ಹೇಳಿ. ಲಸಿಕೆಯ ಜೊತೆ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು. ಆ ದನವನ್ನು ಬೇರೆ ಕಟ್ಟಿ, ಮಕ್ಕಳು ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ಹಸಿ ಹಾಲು ಯಾರೂ ಬಾಯಿಗೆ ಹಾಕಬೇಡಿ.

ನಿಮ್ಮವರು ಮೊದಲ ಡೋಸ್ ಹಾಕಿಸಿಕೊಂಡದ್ದು ತಿಳಿದು ಸಮಾಧಾನವಾಯಿತು. ಉಳಿದ ತಾರೀಕುಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ. ‘ಈಗ ಹುಷಾರಿದ್ದೇನಲ್ಲ’ ಎಂದು ಮೂರನೇ ಡೋಸಿಗೆ ತಪ್ಪಿಸಿಕೊಳ್ಳುವವರು ಗಂಡಸರೇ ಜಾಸ್ತಿ.